ಕೋಲು ಹಿಡಿದವರು, ಕೊಳಲು ಹಿಡಿದವರು



1687ನೇ ಇಸವಿ, ಜನವರಿ 8. ಪ್ಯಾರಿಸ್ ನಗರ. ಫ್ರಾನ್ಸಿನ ದೊರೆ 14ನೇ ಲೂಯಿಗೆ ಆಪರೇಷನ್ ಆಗಿತ್ತು, ಬದುಕುಳಿದಿದ್ದ. ಆ ಸಂತೋಷಕ್ಕೆ ಒಂದು ದೊಡ್ಡ ಸಂಗೀತ ಕಾರ್ಯಕ್ರಮ. ನಡೆಸಿಕೊಡ್ತಾ ಇದ್ದವನು ಆಸ್ಥಾನದ ಸಂಗೀತಗಾರ ಲುಲ್ಲಿ. ಆಗಿನ ಕಾಲದಲ್ಲಿ ಈಗಿನ ಹಾಗೆ ಸಣ್ಣ ಕಡ್ಡಿ ಇರಲಿಲ್ಲ. ಆಳುದ್ದದ ಕೋಲು. ಅದನ್ನ ನೆಲಕ್ಕೆ ಧಡ್ ಧಡ್ ಅಂತ ಕುಟ್ಟಿ ತಾಳ ಹಾಕೋದು. ಕುಟ್ಟೋ ಆವೇಶದಲ್ಲಿ ಕೋಲು ಬಿದ್ದಿದ್ದು ಎಲ್ಲಿಗೆ ಅಂತೀರಿ? ತನ್ನದೇ ಕಾಲಿಗೆ. ಗಾಯ ಕೊಳೀತು, ಗ್ಯಾಂಗ್ರೀನ್ ಆಯಿತು. ವೈದ್ಯರು ಕಾಲು ತೆಗೀಬೇಕು ಅಂದರು, ಈತ ಒಪ್ಪಲಿಲ್ಲ. ಮಾರ್ಚ್ 22ಕ್ಕೆ ಸತ್ತೇ ಹೋದ.

ತನ್ನ ಕೈಯಲ್ಲಿದ್ದ ಅಧಿಕಾರದ ಕೋಲಿನಿಂದಲೇ ಸತ್ತ ನಾಯಕ. ಹೆಸರಿಡದೇ ಹೇಳಿದ್ದರೆ ನಮ್ಮ ಯಾವುದಾದರೂ ಪಕ್ಷದ ಕಥೆ ಅಂತಲೇ ನೀವು ಅಂದುಕೊಳ್ತಿದ್ದಿರಿ.

"ನಾಯಕತ್ವ ಬದಲಾವಣೆ" ಅನ್ನೋ ಎರಡು ಪದ ನಮ್ಮ ಪರದೆಯ ಕೆಳಗೆ ವರ್ಷಕ್ಕೆ ಎಷ್ಟು ಸಲ ಓಡುತ್ತೆ ಅಂತ ಲೆಕ್ಕ ಇಟ್ಟವರಿಲ್ಲ. ಯಾರು ಕೂರ್ತಾರೆ, ಯಾರು ಏಳ್ತಾರೆ, ಯಾರು ದೆಹಲಿಗೆ ಹೋದರು. ಕೂತವರು ಕೂತ ಮೇಲೆ ಏನು ಮಾಡಬೇಕು ಅನ್ನೋದು ಚರ್ಚೆಗೇ ಬರಲ್ಲ. ಅದಕ್ಕೇ ಇವತ್ತು ನಾನು ರಾಜಕಾರಣಿಗಳನ್ನ ಬಿಟ್ಟು ಬೇರೆ ಒಂದು ಜಾತಿಯ ನಾಯಕರ ಬಗ್ಗೆ ಮಾತಾಡ್ತೀನಿ. ಆರ್ಕೆಸ್ಟ್ರಾ ಕಂಡಕ್ಟರ್‌ಗಳು.

ಆರ್ಕೆಸ್ಟ್ರಾ ಅಂದ ಕೂಡಲೇ ನಮಗೆ ನೆನಪಾಗೋದು ಗಣೇಶೋತ್ಸವದ ಪೆಂಡಾಲು, ರಾಜ್ಯೋತ್ಸವದ ರಾತ್ರಿ, ರಾಜ್‌ಕುಮಾರ್ ಹಾಡು. ಕಂಡಕ್ಟರ್ ಅಂದರೆ ಬಾಯಲ್ಲಿ ಸೀಟಿ, ಕೈಯಲ್ಲಿ ಟಿಕೆಟ್ಟು, ಚಿಲ್ಲರೆ ಕೊಡಿ ಅನ್ನೋ ಮನುಷ್ಯ. ನಾನು ಹೇಳ್ತಿರೋದು ಅದಲ್ಲ. ಯುರೋಪಿನ ಸಿಂಫನಿ ಆರ್ಕೆಸ್ಟ್ರಾ. ಸುಮಾರು 100 ಜನ ವಾದಕರು ಅರ್ಧಚಂದ್ರಾಕಾರದಲ್ಲಿ ಕೂತಿರ್ತಾರೆ. ವಯಲಿನ್, ಸೆಲ್ಲೋ, ಕೊಳಲು, ಕ್ಲಾರಿನೆಟ್, ಕಹಳೆ, ಡೋಲು. ಅವರೆದುರು ನಮಗೆ ಬೆನ್ನು ತಿರುಗಿಸಿ ಒಬ್ಬ ನಿಂತಿರ್ತಾನೆ. ಕೈ ಬೀಸ್ತಾನೆ. ಅವನ ಕಡ್ಡಿಯಿಂದ ಒಂದೇ ಒಂದು ಸ್ವರ ಬರಲ್ಲ. ಇಡೀ ವೇದಿಕೆ ಮೇಲೆ ಶಬ್ದವೇ ಮಾಡದ ಮನುಷ್ಯ ಅವನೊಬ್ಬನೇ. ಕೊನೆಗೆ ಚಪ್ಪಾಳೆ ಮೊದಲು ಬೀಳೋದು ಅವನಿಗೇ!

ಹಾಗಾದರೆ ಅವನ ಕೆಲಸ ಏನು? ನೋಡಿ, ವಾದಕನ ಮುಂದೆ ಇರೋ ಕಾಗದದಲ್ಲಿ ಅವನ ಸಾಲು ಮಾತ್ರ ಬರೆದಿರುತ್ತೆ. ಕೊಳಲಿನವನಿಗೆ ಕೊಳಲಿನ ಸಾಲು, ಕಹಳೆಯವನಿಗೆ ಕಹಳೆಯ ಸಾಲು. ಎಲ್ಲರ ಸಾಲೂ ಒಟ್ಟಿಗೆ ಇರೋ ದಪ್ಪ ಪುಸ್ತಕ ಇರೋದು ಕಂಡಕ್ಟರ್ ಮುಂದೆ. ಪೂರ್ತಿ ಚಿತ್ರ ಕಾಣೋದು ಅವನಿಗೆ. ಬೀಥೋವನ್‌ನ 5ನೇ ಸಿಂಫನಿ ತಗೊಳ್ಳಿ. ಅದರಲ್ಲಿ ನಾಲ್ಕು ಭಾಗ. ಟ್ರಾಂಬೋನ್ ನುಡಿಸುವವರಿಗೆ ಕೆಲಸ ಇರೋದು ನಾಲ್ಕನೆಯದರಲ್ಲಿ ಮಾತ್ರ. ಮೊದಲ ಮೂರು ಭಾಗ ಅವರು ವಾದ್ಯ ತೊಡೆ ಮೇಲಿಟ್ಟುಕೊಂಡು ಸುಮ್ಮನೆ ಕೂತಿರಬೇಕು. ಇಪ್ಪತ್ತು ನಿಮಿಷ ದಾಟುತ್ತೆ. ತುಟಿ ಒಣಗಿರುತ್ತೆ, ಬೆರಳು ತಣ್ಣಗಾಗಿರುತ್ತೆ. ಆಮೇಲೆ ಒಂದೇ ಸಲಕ್ಕೆ ಎಲ್ಲರ ಮುಂದೆ ಪೂರ್ಣ ಧ್ವನಿಯಲ್ಲಿ ಎದ್ದು ಬರಬೇಕು. ಒಳ್ಳೇ ಕಂಡಕ್ಟರ್ ಆದರೆ ಆ ಗಳಿಗೆಗೆ ಸ್ವಲ್ಪ ಮುಂಚೆ ಆ ಕಡೆ ಒಂದು ಸಲ ನೋಡ್ತಾನೆ. ಅಷ್ಟೇ. ಒಂದು ನೋಟ. "ನೀನಿದೀಯ ಅಂತ ನನಗೆ ಗೊತ್ತಿದೆ" ಅಂತ. ನಮ್ಮ ಎಷ್ಟು ಕಚೇರಿಗಳಲ್ಲಿ ಹಿಂದಿನ ಸಾಲಲ್ಲಿ ಕೂತವರಿಗೆ ಆ ಒಂದು ನೋಟ ಸಿಗುತ್ತೆ ಹೇಳಿ?

ಇನ್ನೊಂದು ಸೂಕ್ಷ್ಮ. ವೇಗ ನಿಗದಿಯಾಗೋದು ಕೈ ಕೆಳಗಿಳಿದಾಗ ಅಲ್ಲ, ಮೇಲೆತ್ತುವಾಗ. ಅಂದರೆ ಶಬ್ದ ಹುಟ್ಟೋಕೆ ಮುಂಚೆ. ಎತ್ತಿದ ಕೈಯಲ್ಲಿ ಗೊಂದಲ ಇದ್ದರೆ ನೂರು ಜನ ನೂರು ರೀತಿ ಶುರು ಮಾಡ್ತಾರೆ. ನಮ್ಮ ಯಕ್ಷಗಾನದಲ್ಲಿ ಭಾಗವತರನ್ನ ಮೊದಲನೇ ವೇಷ ಅಂತ ಕರೀತೀವಲ್ಲ, ಅವರೂ ಇಡೀ ಆಟ ನಡೆಸ್ತಾರೆ. ಆದರೆ ಭಾಗವತರು ಹಾಡ್ತಾರೆ. ಅವರ ಶ್ರುತಿ ತಪ್ಪಿದರೆ ಗದ್ದೆ ಬದಿಯಲ್ಲಿ ಕೂತ ಪ್ರೇಕ್ಷಕನಿಗೂ ಗೊತ್ತಾಗುತ್ತೆ. ಕಂಡಕ್ಟರ್‌ಗೆ ಆ ಪರೀಕ್ಷೆ ಇಲ್ಲ. ಅವನು ತಪ್ಪು ಮಾಡಿದರೆ ಅದು ಕೇಳಿಸೋದು ಪಾಪ ಕಹಳೆಯವನ ಬಾಯಿಂದ. ಈ ಕೆಲಸದ ದೊಡ್ಡ ಅಪಾಯ ಅದೇ ಅಂತ ನನಗನಿಸುತ್ತೆ.

ಜನಕ್ಕೆ ಯಾರನ್ನ ನೋಡಬೇಕು ಅಂತ ಗೊತ್ತಿರುತ್ತೆ ಬಿಡಿ. 1824ರ ಮೇ 7ರಂದು ವಿಯೆನ್ನಾದಲ್ಲಿ ಬೀಥೋವನ್‌ನ 9ನೇ ಸಿಂಫನಿ ಮೊದಲ ಸಲ ಪ್ರದರ್ಶನ ಆಯಿತು. ಅಷ್ಟೊತ್ತಿಗೆ ಆತನಿಗೆ ಕಿವಿ ಪೂರ್ತಿ ಹೋಗಿತ್ತು. ಆದರೂ ವೇದಿಕೆ ಮೇಲೆ ನಿಂತು ಕೈ ಬೀಸ್ತಾ ಇದ್ದ. ನಿಜವಾಗಿ ನಡೆಸ್ತಾ ಇದ್ದವನು ಉಮ್ಲೌಫ್ ಅನ್ನೋ ಇನ್ನೊಬ್ಬ. ಬೀಥೋವನ್ ಕಡೆ ನೋಡಬೇಡಿ, ನನ್ನ ಕಡೆ ನೋಡಿ ಅಂತ ಆತ ಮೊದಲೇ ವಾದಕರಿಗೆ ಹೇಳಿಟ್ಟಿದ್ದನಂತೆ. ಬೀಥೋವನ್‌ಗೆ ಅವಮಾನ ಆಗಲಿಲ್ಲ, ಸಂಗೀತವೂ ಕೆಡಲಿಲ್ಲ. ಅವರೆಲ್ಲ ಹಾಗೆ ಮಾಡಿದ್ದು ಆತನ ಮೇಲಿನ ಪ್ರೀತಿಗೆ. ಕುರ್ಚಿ ಒಂದು ಕಡೆ, ಆಡಳಿತ ಇನ್ನೊಂದು ಕಡೆ ಅನ್ನೋದನ್ನ ನಾವೂ ನೋಡಿದ್ದೀವಿ. ಆದರೆ ಪ್ರೀತಿಯಿಂದ ನಡೆದಿದ್ದು ನನಗಂತೂ ನೆನಪಿಲ್ಲ.

ಈಗ ಒಬ್ಬ ಸಿಡುಕನ ಕಥೆ. ಆರ್ಟುರೋ ಟೋಸ್ಕನಿನಿ, ಇಟಲಿಯವರು. 1886ರಲ್ಲಿ ಬ್ರೆಜಿಲ್‌ನ ರಿಯೋ ಡಿ ಜನೈರೋದಲ್ಲಿ ಒಂದು ಒಪೆರಾ ತಂಡ ತಂಗಿತ್ತು. ಕಂಡಕ್ಟರ್ ವಿರುದ್ಧ ಗಲಾಟೆ, ಪ್ರೇಕ್ಷಕರು ಕೂಗಿ ಓಡಿಸಿದರು. ಆಗ ಸೆಲ್ಲೋ ನುಡಿಸ್ತಾ ಕೂತಿದ್ದ 19 ವರ್ಷದ ಹುಡುಗನನ್ನ ಎಬ್ಬಿಸಿ ನಿಲ್ಲಿಸಿದರು. ಆತ ವರ್ಡಿಯ ಇಡೀ 'ಆಯಿಡಾ' ಒಪೆರಾವನ್ನ ಪುಸ್ತಕ ನೋಡದೆ ನೆನಪಿನಿಂದಲೇ ನಡೆಸಿಬಿಟ್ಟ. ಅಲ್ಲಿಂದ 68 ವರ್ಷ ಆ ಕಡ್ಡಿ ಕೈ ಬಿಡಲಿಲ್ಲ. ಕಣ್ಣು ಮಂದ, ಹಾಗಾಗಿ ಎಲ್ಲ ಬಾಯಿಪಾಠ. ಕೋಪ ಅಂದರೆ ಕೋಪ! ಕಡ್ಡಿ ಮುರಿಯೋದು, ವಾದಕರ ಮೇಲೆ ಕಿರುಚೋದು. ರಿಹರ್ಸಲ್‌ನಲ್ಲಿ ಅವರು ಕೂಗಾಡಿದ್ದರ ಧ್ವನಿಮುದ್ರಣ ಇವತ್ತಿಗೂ ಕೇಳೋಕೆ ಸಿಗುತ್ತೆ.

ಹಾಗಂತ ಅವರನ್ನ ಸರ್ವಾಧಿಕಾರಿ ಅಂತ ಪಕ್ಕಕ್ಕೆ ತಳ್ಳೋ ಹಾಗಿಲ್ಲ. 1931ರ ಮೇ ತಿಂಗಳಲ್ಲಿ ಬೊಲೊನ್ಯಾ ನಗರದಲ್ಲಿ ಮುಸೊಲಿನಿಯ ಫ್ಯಾಸಿಸ್ಟ್ ಗೀತೆ ನುಡಿಸಬೇಕು ಅಂತ ಒತ್ತಾಯ ಬಂತು. ನುಡಿಸಲ್ಲ ಅಂದರು. ಥಿಯೇಟರ್ ಬಾಗಿಲಲ್ಲೇ ಪುಂಡರು ಕೆನ್ನೆಗೆ ಹೊಡೆದರು. 60 ದಾಟಿದ ಮನುಷ್ಯ. ಆಮೇಲೂ ನುಡಿಸಲಿಲ್ಲ. ಕೆಳಗಿನವರ ಮೇಲೆ ಹಾರಾಡಿ ಮೇಲಿನವರ ಮುಂದೆ ನಡು ಬಗ್ಗಿಸೋರನ್ನ ನಾನು ದಿನಾ ನೋಡ್ತೀನಿ, ಇದೇ ಸ್ಟುಡಿಯೋಗೂ ಬರ್ತಾರೆ. ಟೋಸ್ಕನಿನಿ ಕೆಳಗಿನವರ ಮೇಲೂ ಹಾರಾಡಿದರು, ಮೇಲಿನವನ ಮೇಲೂ ಹಾರಾಡಿದರು. ವಾದಕರು ಅವರ ಬೈಗುಳ ನುಂಗಿಕೊಂಡಿದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಅಮೆರಿಕದ ಎನ್‌ಬಿಸಿ ರೇಡಿಯೋ ಅವರಿಗೋಸ್ಕರವೇ ಒಂದು ಆರ್ಕೆಸ್ಟ್ರಾ ಕಟ್ಟಿತು. 1954ರ ಏಪ್ರಿಲ್ 4, ಕೊನೇ ಕಾರ್ಯಕ್ರಮ. ಅವರಿಗೆ 87. ನೇರ ಪ್ರಸಾರ. ಎಂದೂ ಪುಸ್ತಕ ನೋಡದ ಆ ಮನುಷ್ಯನಿಗೆ ನಡುವೆ ನೆನಪು ಕೈಕೊಟ್ಟಿತು. ಕೈ ನಿಂತುಹೋಯಿತು. ಸೆಲ್ಲೋ ವಾದಕರೊಬ್ಬರು ಸನ್ನೆ ಮಾಡಿ ತಂಡವನ್ನ ಹಿಡಿದು ನಿಲ್ಲಿಸಿದರು. ಆತ ಹೋದ ಮೇಲೆ ಎನ್‌ಬಿಸಿ ಆರ್ಕೆಸ್ಟ್ರಾವನ್ನೇ ಮುಚ್ಚಿತು. ವಾದಕರು ಏನು ಮಾಡಿದರು? ತಾವೇ ಸೇರಿ ಹೊಸ ಹೆಸರಿಟ್ಟುಕೊಂಡು ಅದೇ ವರ್ಷ ಅಕ್ಟೋಬರ್ 27ಕ್ಕೆ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದರು. ಕಂಡಕ್ಟರ್ ಇಲ್ಲದೆ! ಮುಂದೆ ಖಾಲಿ ಕಟ್ಟೆ. ಅಷ್ಟು ವರ್ಷ ಬೈಸಿಕೊಂಡ ಜನ, ಬೈಯೋನಿಲ್ಲದೆ ಅಚ್ಚುಕಟ್ಟಾಗಿ ನುಡಿಸಿದರು. ಇದನ್ನ ಟೋಸ್ಕನಿನಿಯ ಸೋಲು ಅಂತೀರೋ ಗೆಲುವು ಅಂತೀರೋ? ನಾನು ಗೆಲುವು ಅಂತೀನಿ. ಅವರಿಲ್ಲದಾಗಲೂ ಅವರು ಕಲಿಸಿದ್ದು ಉಳಿದಿತ್ತು.

ಈಗ ಬರ್ಲಿನ್‌ಗೆ ಹೋಗೋಣ. ಇವತ್ತಿನ ಮುಖ್ಯ ಕಥೆ ಇರೋದೇ ಅಲ್ಲಿ.

ಬರ್ಲಿನ್ ಫಿಲ್‌ಹಾರ್ಮೋನಿಕ್ ಹುಟ್ಟಿದ್ದೇ ಬಂಡಾಯದಿಂದ. 1882ರಲ್ಲಿ ಬಿಲ್ಸೆ ಅನ್ನೋ ಯಜಮಾನ ತನ್ನ ವಾದಕರನ್ನ ವಾರ್ಸಾಗೆ 4ನೇ ದರ್ಜೆ ರೈಲು ಬೋಗಿಯಲ್ಲಿ ಕಳಿಸೋಕೆ ಹೊರಟ. 50ಕ್ಕೂ ಹೆಚ್ಚು ಜನ ಎದ್ದು ಹೊರಗೆ ಬಂದು ತಮ್ಮದೇ ಆರ್ಕೆಸ್ಟ್ರಾ ಕಟ್ಟಿದರು. ಸ್ವಂತ ಆಡಳಿತ. ಇವತ್ತಿಗೂ ಅಲ್ಲಿ ಮುಖ್ಯ ಕಂಡಕ್ಟರ್ ಯಾರು ಅಂತ ತೀರ್ಮಾನ ಮಾಡೋದು ವಾದಕರು, ಮತ ಹಾಕಿ. ಹೊಸ ವಾದಕರನ್ನ ತಗೊಳ್ಳೋದೂ ಅವರದೇ ಮತ.

ಇಂಥ ಆರ್ಕೆಸ್ಟ್ರಾಗೆ ಫುರ್ಟ್‌ವೆಂಗ್ಲರ್ ತೀರಿಕೊಂಡ ನಂತರ ಬಂದವರು ಹರ್ಬರ್ಟ್ ಫಾನ್ ಕರಾಯನ್. ಜೀವನಪರ್ಯಂತದ ಹುದ್ದೆ. ಈ ಮನುಷ್ಯನಿಗೂ ನಮ್ಮ ಮೈಸೂರಿಗೂ ಒಂದು ನಂಟಿದೆ, ತುಂಬ ಜನಕ್ಕೆ ಗೊತ್ತಿಲ್ಲ. ಕರಾಯನ್ ನಾತ್ಸಿ ಪಕ್ಷದ ಸದಸ್ಯನಾಗಿದ್ದವರು. ಯುದ್ಧ ಮುಗಿದ ಮೇಲೆ ನಿಷೇಧ, ಅದು ತೆರವಾಗಿದ್ದು 1947ರಲ್ಲಿ. ಕೈ ಹಿಡಿದಿದ್ದು ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ. ಅದರ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಯಾರು? ಜಯಚಾಮರಾಜೇಂದ್ರ ಒಡೆಯರ್! ಪಿಯಾನೋ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಸ್ಥೆಯ ಪದವಿ ಪಡೆದಿದ್ದ ಮಹಾರಾಜರು. ಬಾಲಕಿರೆವ್ ಅನ್ನೋ ರಷ್ಯನ್ ಸಂಗೀತಗಾರನ ಸಿಂಫನಿಯನ್ನ ಕರಾಯನ್ 1949ರಲ್ಲಿ ರೆಕಾರ್ಡ್ ಮಾಡಿದ್ದು ಮೈಸೂರಿನ ನೆರವಿನಿಂದ. ಅದೇ ಹೊತ್ತಲ್ಲಿ ಇಲ್ಲಿ ಆ ಮಹಾರಾಜರು ಜನರ ಸರ್ಕಾರಕ್ಕೆ ಅಧಿಕಾರ ಬಿಟ್ಟುಕೊಟ್ಟಾಗಿತ್ತು. ಕರಾಯನ್‌ಗೆ ಬಿಟ್ಟುಕೊಡೋ ವಿದ್ಯೆ ಮಾತ್ರ ಕೊನೆವರೆಗೂ ಬರಲಿಲ್ಲ.

ಪ್ರತಿಭೆಯಲ್ಲಿ ಎರಡು ಮಾತಿಲ್ಲ. ಕಣ್ಣು ಮುಚ್ಚಿಕೊಂಡು ನಡೆಸೋರು. ಬರ್ಲಿನ್‌ನ ಆ ತಂತಿವಾದ್ಯಗಳ ರೇಷ್ಮೆಯಂಥ ನಾದ ಕೇಳಿದವರು ಮರೆಯಲ್ಲ. ರೆಕಾರ್ಡು, ಟೀವಿ, ಸಿನಿಮಾ, ಆಮೇಲೆ ಸೀಡಿ, ಎಲ್ಲದರಲ್ಲೂ ಮೊದಲು ಕಾಲಿಟ್ಟವರು. ವಾದಕರ ಜೇಬೂ ತುಂಬಿತು. ಯಾರೂ ತಕರಾರು ಎತ್ತಲಿಲ್ಲ.

1982ರಲ್ಲಿ ಎತ್ತಿದರು. ಸಬೀನೆ ಮೇಯರ್ ಅನ್ನೋ 23ರ ಹರೆಯದ ಕ್ಲಾರಿನೆಟ್ ವಾದಕಿ. ಕರಾಯನ್‌ಗೆ ಆಕೆ ಬೇಕು. ಆರ್ಕೆಸ್ಟ್ರಾಗೆ ಬೇಡ. ಮತಕ್ಕೆ ಹಾಕಿದರು. ಬೇಡ ಅಂದವರು 73, ಬೇಕು ಅಂದವರು 4. ಆಕೆಯ ನಾದ ನಮ್ಮ ಗುಂಪಿನ ನಾದದ ಜೊತೆ ಬೆರೆಯಲ್ಲ ಅಂತ ಕಾರಣ ಕೊಟ್ಟರು. ಕರಾಯನ್ ಒಂದು ಪತ್ರ ಬರೆದರು. ಇನ್ನು ಮೇಲೆ ಒಪ್ಪಂದದಲ್ಲಿ ಇರೋ ಕೆಲಸ ಮಾತ್ರ, ಪ್ರವಾಸ, ರೆಕಾರ್ಡಿಂಗ್, ಟೀವಿ ಚಿತ್ರೀಕರಣ ಬಂದ್ ಅಂತ ಅದರ ಸಾರಾಂಶ. ಗೊತ್ತಾಯಿತಲ್ಲ? ಮೇಲುವರಮಾನಕ್ಕೆ ಕತ್ತರಿ. ಆಡಳಿತಾಧಿಕಾರಿ ಮತವನ್ನ ಬದಿಗಿಟ್ಟು ಆಕೆಗೆ ಒಂದು ವರ್ಷದ ಕಾಂಟ್ರಾಕ್ಟ್ ಕೊಟ್ಟೇಬಿಟ್ಟರು. ಜಗಳ ಜರ್ಮನಿಯ ಪತ್ರಿಕೆಗಳ ಮುಖಪುಟಕ್ಕೆ ಬಂತು.

ಇಲ್ಲಿ ಯಾರು ಸರಿ? ಇದನ್ನ ನಾನು ಸುಲಭವಾಗಿ ದಾಟಿ ಹೋಗಲ್ಲ. ಆ ಆರ್ಕೆಸ್ಟ್ರಾ ಮೊದಲ ಮಹಿಳೆಯನ್ನ ಸೇರಿಸಿಕೊಂಡಿದ್ದೇ 1982ರಲ್ಲಿ. ವಯಲಿನ್ ವಾದಕಿ ಮಡ್ಲೆನ್ ಕಾರುಜೋ. ನೂರು ವರ್ಷ ಗಂಡಸರದೇ ಕೂಟ! ಹಾಗಾಗಿ "ನಾದ ಬೆರೆಯಲ್ಲ" ಅನ್ನೋ ಮಾತಿನ ಹಿಂದೆ ಬೇರೆ ಏನಾದರೂ ಇತ್ತಾ ಅಂತ ಅನುಮಾನ ಪಟ್ಟರೆ ತಪ್ಪಲ್ಲ. ಆಕೆ ಮುಂದೆ ಜಗತ್ತಿನ ದೊಡ್ಡ ಕ್ಲಾರಿನೆಟ್ ವಾದಕಿಯರಲ್ಲಿ ಒಬ್ಬರಾದರು, ಅಂದರೆ ಕರಾಯನ್ ಕಿವಿ ಸುಳ್ಳು ಹೇಳಿರಲಿಲ್ಲ. ಆದರೆ ಮತ ಹಾಕೋ ಹಕ್ಕು ವಾದಕರದು. ಬಹುಮತ ತಪ್ಪು ನಿರ್ಧಾರ ತಗೊಂಡಾಗ ನಾಯಕ ಏನು ಮಾಡಬೇಕು? ಕೂತು ಮಾತಾಡಬಹುದು, ಕಾಯಬಹುದು, ಮತ್ತೆ ಕೇಳಬಹುದು. ಹೊಟ್ಟೆ ಮೇಲೆ ಹೊಡೆದರೆ ವಿಷಯವೇ ಬದಲಾಗಿಬಿಡುತ್ತೆ. ಆಮೇಲೆ ಯಾರೂ ಕ್ಲಾರಿನೆಟ್ ಬಗ್ಗೆ ಮಾತಾಡಲ್ಲ, ದರ್ಪದ ಬಗ್ಗೆ ಮಾತಾಡ್ತಾರೆ. ಅಲ್ಲೂ ಅದೇ ಆಯಿತು. 1984ರಲ್ಲಿ ಆ ಹೆಣ್ಣುಮಗಳೇ ಬೇಸತ್ತು ಹೊರಟುಹೋದರು. ಇಬ್ಬರ ಜಗಳದಲ್ಲಿ ಕೂಸು ಬಡವಾಯಿತು. ಕರಾಯನ್ ಸಾಲ್ಸ್‌ಬರ್ಗ್ ಉತ್ಸವಕ್ಕೆ ಬರ್ಲಿನ್‌ನವರನ್ನ ಬಿಟ್ಟು ವಿಯೆನ್ನಾದವರನ್ನ ಕರೆಸಿದರು. ಒಡೆದ ಕನ್ನಡಿ ಕೂಡಲಿಲ್ಲ. 1989ರ ಏಪ್ರಿಲ್‌ನಲ್ಲಿ ಜೀವನಪರ್ಯಂತದ ಹುದ್ದೆಗೆ ರಾಜೀನಾಮೆ, ಜುಲೈ 16ಕ್ಕೆ ನಿಧನ.

ಅದೇ ವರ್ಷ ಅಕ್ಟೋಬರ್ 8ಕ್ಕೆ ಗುಪ್ತ ಮತದಾನ. ಗೆದ್ದವರು ಇಟಲಿಯ ಕ್ಲಾಡಿಯೋ ಅಬ್ಬಾಡೋ. ಅಚ್ಚರಿಯ ಆಯ್ಕೆ. ಒಂದು ತಿಂಗಳಿಗೆ ಬರ್ಲಿನ್ ಗೋಡೆಯೂ ಬಿತ್ತು, ಅದು ಬೇರೆ ಕಥೆ. ಬಂದವರೇ ವಾದಕರಿಗೆ, ನನ್ನನ್ನ ಕ್ಲಾಡಿಯೋ ಅಂತ ಹೆಸರು ಹಿಡಿದು ಕರೀರಿ ಅಂದರಂತೆ. ಕರಾಯನ್ ಕಾಲದಲ್ಲಿ ಅದನ್ನ ಊಹಿಸೋಕೂ ಸಾಧ್ಯವಿರಲಿಲ್ಲ.

ಈ ಅಬ್ಬಾಡೋ ಎಲ್ಲಿಂದ ಕಲಿತರು ಗೊತ್ತಾ? 1950ರ ದಶಕದಲ್ಲಿ ವಿಯೆನ್ನಾದಲ್ಲಿ ಸ್ವರೋವ್‌ಸ್ಕಿ ಅನ್ನೋ ಗುರುಗಳ ಹತ್ತಿರ ಪಾಠ. ಜೊತೆಗೊಬ್ಬ ಸಹಪಾಠಿ, ಬಾಂಬೆಯಿಂದ ಹೋದ ಪಾರ್ಸಿ ಹುಡುಗ. ಹೌದು, ನಮ್ಮ ಝುಬಿನ್ ಮೆಹ್ತಾ! ಆಗಿನ ದೊಡ್ಡ ದೊಡ್ಡ ಕಂಡಕ್ಟರ್‌ಗಳ ರಿಹರ್ಸಲ್‌ಗೆ ವಿದ್ಯಾರ್ಥಿಗಳನ್ನ ಒಳಗೆ ಬಿಡ್ತಾ ಇರಲಿಲ್ಲ. ಇವರಿಬ್ಬರು ಒಂದು ಉಪಾಯ ಮಾಡಿದರು. ಅಲ್ಲಿನ ಕೋರಸ್ ತಂಡಕ್ಕೆ ಹಾಡುಗಾರರಾಗಿ ಸೇರಿಕೊಂಡರು. ಹಿಂದಿನ ಸಾಲಲ್ಲಿ ಮಂದ್ರ ಧ್ವನಿಯಲ್ಲಿ ಹಾಡೋದು, ಕಣ್ಣು ಮಾತ್ರ ಎದುರಿಗಿರೋ ಕಂಡಕ್ಟರ್ ಕೈ ಮೇಲೆ. ಬ್ರೂನೋ ವಾಲ್ಟರ್, ಕರಾಯನ್, ಎಲ್ಲರನ್ನೂ ಹೀಗೇ ನೋಡಿ ಕಲಿತರು. ನನಗೆ ತುಂಬ ಹಿಡಿಸಿದ್ದು ಇದು. ಸಭಿಕರಿಗೆ ಕಂಡಕ್ಟರ್ ಬೆನ್ನು ಕಾಣುತ್ತೆ, ಹಿಂದಿನ ಸಾಲಲ್ಲಿ ಹಾಡೋನಿಗೆ ಮುಖ ಕಾಣುತ್ತೆ. ಬೂತ್ ಮಟ್ಟದಲ್ಲಿ ಪೋಸ್ಟರ್ ಅಂಟಿಸಿ ಬಂದವನಿಗೂ, ನೇರ ವೇದಿಕೆಗೇ ಇಳಿದ ಮಗನಿಗೂ ಇರೋ ವ್ಯತ್ಯಾಸ ಇದೇ ಅಲ್ವಾ?

ಅಬ್ಬಾಡೋ ರಿಹರ್ಸಲ್‌ನಲ್ಲಿ ಮಾತೇ ಕಡಿಮೆ. ಒಬ್ಬರ ವಾದ್ಯ ಇನ್ನೊಬ್ಬರು ಕೇಳಿಸಿಕೊಳ್ಳಿ ಅನ್ನೋದೇ ಪಾಠ. ಎಲ್ಲರಿಗೂ ಇದು ರುಚಿಸಿತು ಅಂತ ನಾನು ಹೇಳಲ್ಲ. ಇವರು ಸರಿಯಾಗಿ ಏನೂ ಹೇಳಲ್ಲ, ಸಮಯ ವ್ಯರ್ಥ ಅಂತ ಗೊಣಗಿದವರೂ ಇದ್ದರು. ಮೂರು ದಶಕ ಆಜ್ಞೆ ಕೇಳಿ ಅಭ್ಯಾಸ ಆದವರಿಗೆ ಸ್ವಾತಂತ್ರ್ಯ ಕೊಟ್ಟರೆ ಮೊದಲು ಆಗೋದು ಗಾಬರಿ. 1998ರಲ್ಲೇ, ಅವಧಿ ಮುಗಿದ ಮೇಲೆ ನಾನು ಮುಂದುವರಿಯಲ್ಲ ಅಂತ ಅವರೇ ಘೋಷಿಸಿದರು. ಕೇಳಿಸ್ತಾ? ನಾಲ್ಕು ವರ್ಷ ಮುಂಚೆ! ಯಾರೂ ಹೈಕಮಾಂಡ್‌ಗೆ ದೂರು ಒಯ್ಯಬೇಕಾಗಲಿಲ್ಲ. 2000ದಲ್ಲಿ ಕ್ಯಾನ್ಸರ್ ಬಂತು. ಒಣಗಿದ ಕಡ್ಡಿಯಂತಾಗಿ ವಾಪಸ್ ಬಂದು ನಿಂತರು. ಆ ಕೊನೆಯ ವರ್ಷಗಳಲ್ಲಿ ಗೊಣಗಿದವರೂ ಜೀವ ಕೊಟ್ಟು ನುಡಿಸಿದರು ಅಂತ ಕೇಳಿದವರು ಹೇಳ್ತಾರೆ.

ನಡುವೆ ಒಂದು ತಮಾಷೆ ಹೇಳಿಬಿಡ್ತೀನಿ. 2015ರ ಮೇ 11ಕ್ಕೆ ಅದೇ ಬರ್ಲಿನ್‌ನವರು ಹೊಸ ಕಂಡಕ್ಟರ್ ಆಯ್ಕೆಗೆ ಒಂದು ಚರ್ಚ್‌ನಲ್ಲಿ ಸೇರಿದರು. 120ಕ್ಕೂ ಹೆಚ್ಚು ಮತದಾರರು. ಮೊಬೈಲ್ ಫೋನ್ ಎಲ್ಲ ಹೊರಗೆ. ಫೋನ್ ಇಸ್ಕೊಂಡು ಒಳಗೆ ಕೂರಿಸೋದು ಅಂದರೆ ನಮಗೆ ನೆನಪಾಗೋದು ರೆಸಾರ್ಟ್, ಈಜುಕೊಳ, ಬಸ್ಸಿನ ಕಿಟಕಿ ಪರದೆ. ಅಲ್ಲಿ ಹಾಗಲ್ಲ, ವಾದ ಮಾಡೋಕೆ ಕೂತಿದ್ದರು. 11 ಗಂಟೆ ಚರ್ಚೆ. ಕೊನೆಗೆ ಹೊರಗೆ ಬಂದು ಹೇಳಿದ್ದೇನು? ಒಮ್ಮತ ಬರಲಿಲ್ಲ, ಇನ್ನೊಮ್ಮೆ ಸೇರ್ತೀವಿ. ಪತ್ರಕರ್ತರು ಬೆಳಿಗ್ಗೆಯಿಂದ ಕಾದಿದ್ದೇ ಬಂತು. ನಮ್ಮ ವರದಿಗಾರರ ಕಷ್ಟ ನೆನೆದು ನನಗೆ ಅವರ ಮೇಲೆ ಅಯ್ಯೋ ಅನಿಸಿತು. ಜೂನ್‌ನಲ್ಲಿ ಮತ್ತೆ ಸೇರಿ ಕಿರಿಲ್ ಪೆಟ್ರೆಂಕೋ ಅನ್ನೋರನ್ನ ಆರಿಸಿದರು. ಸಂದರ್ಶನ ಕೊಡೋದು ಅಂದರೆ ಆಗದ ಮನುಷ್ಯ. ಮೈಕ್ ಕಂಡರೆ ದೂರ. ಅಂಥವರನ್ನ ಗೆಲ್ಲಿಸಿದ ಮತದಾರರು ಎಂಥವರಿರಬೇಕು!

ಅಬ್ಬಾಡೋ 2003ರಲ್ಲಿ ಸ್ವಿಟ್ಜರ್ಲೆಂಡಿನ ಲುಸರ್ನ್‌ನಲ್ಲಿ ಒಂದು ಹೊಸ ಆರ್ಕೆಸ್ಟ್ರಾ ಕಟ್ಟಿದರು. ಬೇಸಿಗೆ ಉತ್ಸವಕ್ಕೆ ಮಾತ್ರ ಸೇರೋ ತಂಡ. ಬೇರೆ ಬೇರೆ ಆರ್ಕೆಸ್ಟ್ರಾಗಳ ಘಟಾನುಘಟಿಗಳು ತಮ್ಮ ರಜೆ ಬಿಟ್ಟು ಅಲ್ಲಿಗೆ ಬಂದು ಕೂರೋರು. ಯಾರೂ ಆದೇಶ ಕೊಟ್ಟಿರಲಿಲ್ಲ. 2010ರಲ್ಲಿ ಅಲ್ಲಿ ಮಾಹ್ಲರ್‌ನ 9ನೇ ಸಿಂಫನಿ ಮುಗಿದಾಗ ಸುಮಾರು ಎರಡು ನಿಮಿಷ ಸಭಾಂಗಣದಲ್ಲಿ ಒಂದು ಕೆಮ್ಮೂ ಇಲ್ಲ. ಅವರ ಕೈ ಇನ್ನೂ ಪೂರ್ತಿ ಇಳಿದಿರಲಿಲ್ಲ, ಅದಕ್ಕೇ ಯಾರೂ ಚಪ್ಪಾಳೆ ತಟ್ಟಲಿಲ್ಲ. ಟೀವಿಯಲ್ಲಿ ಎರಡು ಸೆಕೆಂಡ್ ಮೌನ ಬಂದರೆ ಕಂಟ್ರೋಲ್ ರೂಮಿನಿಂದ ನನ್ನ ಕಿವಿಗೆ ಕೂಗು ಬೀಳುತ್ತೆ. ಎರಡು ನಿಮಿಷ ಅಂದರೆ ಎಷ್ಟು ಅಂತ ನನಗೆ ಚೆನ್ನಾಗಿ ಗೊತ್ತು.

2014ರ ಜನವರಿ 20ಕ್ಕೆ ಅಬ್ಬಾಡೋ ತೀರಿಕೊಂಡರು. ಏಪ್ರಿಲ್ 6ಕ್ಕೆ ಲುಸರ್ನ್‌ನಲ್ಲಿ ಶ್ರದ್ಧಾಂಜಲಿ ಕಾರ್ಯಕ್ರಮ. ಆರ್ಕೆಸ್ಟ್ರಾದವರೆಲ್ಲ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. ಮೊದಲು ಶೂಬರ್ಟ್‌ನ 'ಅಪೂರ್ಣ' ಸಿಂಫನಿಯ ಮೊದಲ ಭಾಗ. ಕಂಡಕ್ಟರ್ ಕಟ್ಟೆ ಮೇಲೆ ಯಾರೂ ಹತ್ತಲಿಲ್ಲ. ಆ ಸಿಂಫನಿ ಶುರುವಾಗೋದೇ ಸೆಲ್ಲೋ ಮತ್ತು ಡಬಲ್ ಬೇಸ್‌ಗಳ ಪಿಸುಮಾತಿನಿಂದ. ಅಷ್ಟು ಮೆಲ್ಲಗೆ ಒಟ್ಟಿಗೆ ಶುರು ಮಾಡೋದು, ಕೈ ಎತ್ತೋನು ಒಬ್ಬ ಎದುರಿಗಿದ್ದರೂ ಕಷ್ಟ. ಅವತ್ತು ಎದುರಿಗೆ ಖಾಲಿ ಕಟ್ಟೆ. ಅವರು ಒಬ್ಬರ ಬಿಲ್ಲನ್ನ ಇನ್ನೊಬ್ಬರು ನೋಡಿದರು, ಉಸಿರು ತಗೊಂಡರು, ನುಡಿಸಿದರು.